ಅಂಗಳದ ಪೇವರ್ಸ್‌ಗೆ ಕೋಟಿಂಗ್ ಬೇಕೇ? ಮೊದಲು ಐದು ಬಕೆಟ್ ಮರಳಿನ ಲೆಕ್ಕ

ಕಳೆದ ವರ್ಷ ದೀಪಾವಳಿಗೆ ಹತ್ತು ದಿನ ಇರುವಾಗ ದಾವಣಗೆರೆಯ ನಮ್ಮ ಬೀದಿಗೆ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು. ಹಿಂದೆ ಕುಳಿತವನ ತೊಡೆಯ ಮೇಲೆ ಎರಡು ಪೇವರ್ ಬ್ಲಾಕು. ಒಂದು ಬಿಸಿಲಿಗೆ ಬಿಳುಚಿಕೊಂಡದ್ದು, ಇನ್ನೊಂದು ಆಗಷ್ಟೇ ನೀರಿನಲ್ಲಿ ಅದ್ದಿ ತೆಗೆದಂತೆ ಕೆಂಪಗೆ ಮಿರುಗುತ್ತಿದ್ದದ್ದು. ‘ಕೋಟಿಂಗ್ ಹೊಡೆಸಿ ಅಂಕಲ್. ಐದು ವರ್ಷ ಹುಲ್ಲು ಬರುವುದಿಲ್ಲ, ಬ್ಲಾಕು ಕುಸಿಯುವುದಿಲ್ಲ, ಬಣ್ಣ ಹೋಗುವುದಿಲ್ಲ’ ಎಂದರು. ಒಂದೇ ವಾರದಲ್ಲಿ ನಾಲ್ಕು ಮನೆಯವರು ಹೊಡೆಸಿದರು. ಯುಗಾದಿಯ ಹೊತ್ತಿಗೆ ಒಂದು ಅಂಗಳ ಕೆನೆಗಟ್ಟಿದ ಹಾಲಿನಂತೆ ಬೆಳ್ಳಗಾಗಿತ್ತು. ಇನ್ನೊಂದರಲ್ಲಿ ಪದರ ಪದರವಾಗಿ ಎದ್ದು ಬರುತ್ತಿತ್ತು. ಉಳಿದ ಎರಡು ಚೆನ್ನಾಗಿಯೇ ಇದ್ದವು.

ಅದೇ ಡಬ್ಬ, ಅದೇ ಹುಡುಗರು, ಅದೇ ವಾರ. ಫಲ ಮಾತ್ರ ಬೇರೆ ಬೇರೆ. ಏಕೆ ಹೀಗಾಯಿತು ಎಂದು ತಿಳಿಯಬೇಕಾದರೆ ಮೇಲಿನ ಹೊಳಪನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಬ್ಲಾಕುಗಳ ಕೆಳಗೆ ಮತ್ತು ನಡುವೆ ಏನಿದೆ ಎಂದು ನೋಡಬೇಕು.

ಸಿಮೆಂಟಿಲ್ಲದೆ ನಿಂತಿರುವುದು ಹೇಗೆ?

ಪೇವರ್ಸ್, ಇಂಟರ್‌ಲಾಕ್, ಸಿಮೆಂಟ್ ಇಟ್ಟಿಗೆ ಎಂದೆಲ್ಲ ನಾವು ಕರೆಯುವುದು ಅಚ್ಚಿನಲ್ಲಿ ಒತ್ತಿ ಅಥವಾ ಎರೆದು ಮಾಡಿದ ಕಾಂಕ್ರೀಟ್ ತುಂಡನ್ನು. ಮನೆಯ ಗೋಡೆಯ ಇಟ್ಟಿಗೆಗೂ ಇದಕ್ಕೂ ದೊಡ್ಡ ವ್ಯತ್ಯಾಸವೊಂದಿದೆ. ಗೋಡೆಯಲ್ಲಿ ಇಟ್ಟಿಗೆಗಳನ್ನು ಗಾರೆ ಅಂಟಿಸಿ ಹಿಡಿದಿರುತ್ತದೆ. ಅಂಗಳದಲ್ಲಿ ಅಂಟು ಎನ್ನುವುದೇ ಇಲ್ಲ. ಚಿತ್ರದುರ್ಗದ ಕೋಟೆ ನೋಡಿದವರಿಗೆ ಇದು ಹೊಸತಲ್ಲ. ಅಲ್ಲಿ ಹಲವು ಕಡೆ ಗೋಡೆಯ ದಪ್ಪ ಕಲ್ಲುಗಳು ಗಾರೆಯಿಲ್ಲದೆ, ಒಂದರ ಮೈಗೆ ಒಂದು ಹೊಂದಿಕೊಂಡೇ ನಿಂತಿವೆ. ಕೋಟೆಯಲ್ಲಿ ಆ ಕೆಲಸ ಮಾಡುವುದು ಕಲ್ಲಿನ ಭಾರ. ಅಂಗಳದ ಬ್ಲಾಕಿಗೆ ಅಷ್ಟು ಭಾರವಿಲ್ಲದ್ದರಿಂದ ಆ ಕೆಲಸವನ್ನು ಸಂದಿಯ ಮರಳು ಮಾಡುತ್ತದೆ.

ಹರಿಹರಕ್ಕೆ ಹೋಗುವ ಬೆಳಗಿನ ಬಸ್ಸನ್ನು ನೆನೆಸಿಕೊಳ್ಳಿ. ಕಾಲಿಡಲು ಜಾಗವಿಲ್ಲದಷ್ಟು ಜನ ತುಂಬಿದ್ದರೆ ಚಾಲಕ ಬ್ರೇಕ್ ಹಾಕಿದರೂ ಯಾರೂ ಬೀಳುವುದಿಲ್ಲ. ಒಬ್ಬರ ಭಾರವನ್ನು ಪಕ್ಕದವರು, ಪಕ್ಕದವರದನ್ನು ಅವರ ಪಕ್ಕದವರು ತಡೆದುಕೊಳ್ಳುತ್ತಾರೆ. ಅದೇ ಬಸ್ಸು ಅರ್ಧ ಖಾಲಿಯಿದ್ದರೆ ನಿಂತವರೆಲ್ಲ ಮುಗ್ಗರಿಸುತ್ತಾರೆ. ಸಂದಿಯಲ್ಲಿ ಮರಳು ಗಿಡಿದು ತುಂಬಿದ ಅಂಗಳ ಮೊದಲ ಬಸ್ಸಿನಂತೆ. ಕಾರಿನ ಚಕ್ರ ಒಂದು ಬ್ಲಾಕಿನ ಮೇಲೆ ಬಂದಾಗ ಭಾರ ಸುತ್ತಲಿನ ಬ್ಲಾಕುಗಳಿಗೆ ಹಂಚಿಹೋಗುತ್ತದೆ. ಮರಳು ಖಾಲಿಯಾದ ಅಂಗಳ ಎರಡನೆಯ ಬಸ್ಸು. ಪ್ರತಿ ಬ್ಲಾಕೂ ಒಂಟಿ. ಚಕ್ರ ಬಂದಾಗ ಅಲುಗುತ್ತದೆ, ಅಲುಗಿದಾಗ ಅಂಚು ಉದುರುತ್ತದೆ, ಸಂದಿಯಿಂದ ಇಳಿದ ನೀರು ಕೆಳಗಿನ ಮರಳನ್ನೂ ಕದಲಿಸುತ್ತದೆ. ಇನ್ನು ಬಾಗಿಲ ಬಳಿ ನಿಂತವರು ಹೊರಗೆ ಬೀಳದಂತೆ ಬಾಗಿಲು ಮುಚ್ಚಿರಬೇಕಲ್ಲ, ಹಾಗೆ ಅಂಗಳದ ಅಂಚಿಗೆ ಕಾಂಕ್ರೀಟಿನಲ್ಲಿ ಕೂರಿಸಿದ ಕೆರ್ಬ್ ಕಲ್ಲು ಇರಬೇಕು. ಅಂಚು ಬಿಟ್ಟರೆ ಸಾಲುಗಳು ಒಂದೊಂದಾಗಿ ಹೊರಕ್ಕೆ ಸರಿಯುತ್ತವೆ.

ಒಂದು ಸಣ್ಣ ಲೆಕ್ಕ. ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲದ ಅಂಗಳ ಎಂದಿಟ್ಟುಕೊಳ್ಳೋಣ. 300 ಚದರಡಿ, ಅಂದರೆ ಸುಮಾರು 28 ಚದರ ಮೀಟರ್. 200 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ಬ್ಲಾಕು ಚದರ ಮೀಟರಿಗೆ 50 ಬೇಕು. ಒಟ್ಟು 1,400. ಅವುಗಳ ನಡುವಿನ ಸಂದಿಗಳನ್ನೆಲ್ಲ ಬಿಡಿಸಿ ಒಂದೇ ಗೆರೆಯಾಗಿ ಎಳೆದರೆ ಸುಮಾರು 420 ಮೀಟರ್ ಆಗುತ್ತದೆ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್. ಸಂದಿಯ ಅಗಲ 2ರಿಂದ 4 ಮಿ.ಮೀ. ಇರಬೇಕು. ನಡುವಿನ 3 ಹಿಡಿಯೋಣ. ಬ್ಲಾಕಿನ ದಪ್ಪ 60 ಮಿ.ಮೀ. ಗುಣಿಸಿದರೆ ಬರುವ ಮರಳು 75 ಲೀಟರ್. ಮನೆಯ ಹದಿನೈದು ಲೀಟರಿನ ಬಕೆಟ್ಟಿನಲ್ಲಿ ಐದೇ ಬಕೆಟ್! ಸಾವಿರದ ನಾನೂರು ಬ್ಲಾಕುಗಳು ಒಗ್ಗಟ್ಟಾಗಿ ಕಾರು ಹೊರುವುದು ಈ ಐದು ಬಕೆಟ್ ಮರಳಿನ ದೆಸೆಯಿಂದ. ಅಂಗಳದ ನಿರ್ವಹಣೆ ಎಂದರೆ ಬಹುಪಾಲು ಈ ಮರಳನ್ನು ಕಾಯುವುದು.

ಕೋಟಿಂಗ್ ಎಂದರೆ ನಿಜಕ್ಕೂ ಏನು?

ಹಳ್ಳಿಯ ಮಣ್ಣಿನ ಅಂಗಳಕ್ಕೆ ಸಗಣಿ ಸಾರಿಸುತ್ತಿದ್ದದ್ದು ಯಾಕೆ? ಧೂಳು ಏಳದಂತೆ ಹಿಡಿದಿಡಲು, ಮೇಲ್ಮೈ ಬಿಗಿಯಾಗಿ ಗುಡಿಸಲು ಸುಲಭವಾಗಲು. ನೆಲ ಕುಸಿಯುವುದನ್ನು ಸಗಣಿ ತಡೆಯುತ್ತದೆ ಎಂದು ಯಾವ ಅಜ್ಜಿಯೂ ನಂಬಿರಲಿಲ್ಲ. ಒಮ್ಮೆ ಸಾರಿಸಿದರೆ ಐದು ವರ್ಷಕ್ಕೆ ಸಾಕು ಎಂದೂ ಯಾರೂ ಹೇಳಿರಲಿಲ್ಲ. ಹುಡುಗರು ಕೋಟಿಂಗ್ ಎಂದು ಕರೆದ ಸೀಲರ್ ಕೂಡ ಆ ಜಾತಿಯದೇ. ಮೇಲ್ಮೈಗೆ ಕೊಡುವ, ಸವೆಯುವ, ಮತ್ತೆ ಕೊಡಬೇಕಾದ ಲೇಪ.

ಕಾಂಕ್ರೀಟು ನೋಡಲು ಗಟ್ಟಿ. ಆದರೆ ಅದರೊಳಗೆ ಕೂದಲಿಗಿಂತ ಸಣ್ಣ ರಂಧ್ರಗಳ ಜಾಲವಿದೆ. ನೀರು, ಎಣ್ಣೆ, ಕುಂಕುಮದ ಬಣ್ಣ ಎಲ್ಲವೂ ಆ ದಾರಿಯಲ್ಲೇ ಒಳಗಿಳಿಯುತ್ತವೆ. ಈ ದಾರಿಯನ್ನು ಕಟ್ಟುವುದಕ್ಕೆ ಎರಡು ಬಗೆಗಳಿವೆ.

ಮೊದಲನೆಯದು ಮೇಲೆ ಪೊರೆ ಕಟ್ಟುವುದು. ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಜಾತಿಯ ರಾಳವನ್ನು ನೀರಿನಲ್ಲೋ ಥಿನ್ನರಿನಂಥ ದ್ರಾವಕದಲ್ಲೋ ಬೆರೆಸಿರುತ್ತಾರೆ. ದ್ರವ ಆರಿದ ಮೇಲೆ ತೆಳುವಾದ ಪಾರದರ್ಶಕ ಪೊರೆ ಉಳಿಯುತ್ತದೆ. ಹೊಳಪು, ಒದ್ದೆ ಕಲ್ಲಿನ ಗಾಢ ಬಣ್ಣ, ಕಲೆಯಿಂದ ರಕ್ಷಣೆ ಇದರ ಲಾಭ. ಸಂದಿಯ ಮೇಲ್ಭಾಗದ ಮರಳಿನ ಕಣಗಳೂ ಒಂದಿಷ್ಟು ಅಂಟಿಕೊಳ್ಳುತ್ತವೆ. ಒದ್ದೆಯಾದಾಗ ಜಾರುವುದು, ಕೆಳಗಿನ ತೇವ ಮೇಲೇಳಲು ಬಿಡದಿರುವುದು ಇದರ ಕೆಟ್ಟ ಗುಣ.

ಎರಡನೆಯದು ಒಳಗಿಳಿಯುವ ಬಗೆ. ಸಿಲೇನ್, ಸಿಲಾಕ್ಸೇನ್ ಎಂಬ ಸಿಲಿಕಾನ್ ಸಂಬಂಧದ ರಾಸಾಯನಿಕಗಳು ರಂಧ್ರದೊಳಗೆ ಹೋಗಿ ಅದರ ಗೋಡೆಗೆ ಅಂಟುತ್ತವೆ. ರಂಧ್ರ ತೆರೆದೇ ಇರುತ್ತದೆ, ಆದರೆ ನೀರನ್ನು ಒಲ್ಲೆ ಎನ್ನುತ್ತದೆ. ಕೆಸುವಿನ ಎಲೆಯ ಮೇಲೆ ನೀರು ಗುಂಡಾಗಿ ಉರುಳಿದಂತೆ ಇಲ್ಲಿಯೂ ಉರುಳುತ್ತದೆ. ಒಳಗಿನ ಆವಿ ಹೊರಗೆ ಹೋಗಲು ಅಡ್ಡಿಯಿಲ್ಲ. ಆದರೆ ಹೊಳಪಿಲ್ಲ, ಬಳಿದದ್ದು ಕಣ್ಣಿಗೂ ಕಾಣುವುದಿಲ್ಲ. ಬಹುಶಃ ಅದಕ್ಕೇ ಬೈಕಿನ ಹುಡುಗರು ಇದರ ಮಾದರಿ ಹಿಡಿದು ಬರುವುದಿಲ್ಲ. ಕಾಣದ ವಸ್ತುವನ್ನು ಮಾರುವುದು ಕಷ್ಟ.

ಬಣ್ಣದ ಡಬ್ಬದಲ್ಲಿ ಬರುವ ಪೇವರ್ ಪೇಂಟ್ ಈ ಎರಡಕ್ಕೂ ಸೇರಿದ್ದಲ್ಲ. ಅದು ಬರಿಯ ಬಣ್ಣ. ಚಕ್ರ ಓಡುವ ಕಡೆ ಬೇಗ ಸವೆದು ಎರಡು ಗಾಲಿಗಳ ಜಾಡು ಮೂಡುತ್ತದೆ.

ಹುಡುಗರ ಮೂರು ಮಾತುಗಳು

ಹುಲ್ಲು ಬರುವುದಿಲ್ಲ ಎಂದಿದ್ದರು. ಸಂದಿಯ ಹುಲ್ಲು ನೆಲದಾಳದಿಂದ ಮೇಲೇಳುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಹೆಚ್ಚಿನದು ಹಾಗಲ್ಲ. ಗಾಳಿಯಲ್ಲಿ ಬಂದ ಬೀಜ ಸಂದಿಯ ಧೂಳಿನಲ್ಲಿ ಕೂತು ಮೇಲಿನಿಂದಲೇ ಬೇರಿಳಿಸುತ್ತದೆ. ಮರಳಿನ ಮೇಲ್ಪದರ ಬಿಗಿಯಾದರೆ ಬೀಜಕ್ಕೆ ನೆಲೆ ಕಡಿಮೆ, ಆದ್ದರಿಂದ ಹುಲ್ಲೂ ಕಡಿಮೆ. ಗುಡಿಸದೆ ಬಿಟ್ಟರೆ ಸೀಲರಿನ ಮೇಲೆಯೇ ಧೂಳು ಕೂತು ಅದರಲ್ಲೂ ಮೊಳೆಯುತ್ತದೆ. ಜೇಕಿನ ಗಡ್ಡೆ ಮೊದಲೇ ಕೆಳಗಿದ್ದರಂತೂ ಯಾವ ಲೇಪಕ್ಕೂ ಅದು ಬಗ್ಗುವುದಿಲ್ಲ. ಒಟ್ಟಿನಲ್ಲಿ ಇದು ಅರ್ಧ ನಿಜ.

ಬಣ್ಣ ಹೋಗುವುದಿಲ್ಲ ಎಂಬುದೂ ಅರ್ಧ ನಿಜವೇ. ಪೊರೆ ಇರುವವರೆಗೆ ಬಣ್ಣ ಗಾಢವಾಗಿ ಕಾಣುತ್ತದೆ. ಆದರೆ ಬಿಸಿಲಿಗೆ, ಚಕ್ರಕ್ಕೆ ಪೊರೆಯೇ ಸವೆಯುತ್ತದೆ. ವಸ್ತುವಿಗೆ ತಕ್ಕಂತೆ ಎರಡರಿಂದ ಐದು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕಾಗುತ್ತದೆ.

ಕುಸಿಯುವುದಿಲ್ಲ ಎಂಬುದು ಮಾತ್ರ ಪೂರ್ತಿ ಸುಳ್ಳು. ಕುಸಿತದ ಕಾರಣ ಇರುವುದು ಬ್ಲಾಕಿನ ಕೆಳಗೆ. ನಮ್ಮ ಭಾಗದಲ್ಲಿ ಎರೆಮಣ್ಣು ಇರುವ ಕಡೆ ಇದು ಇನ್ನೂ ಜೋರು. ಎರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಬಿರಿಯುತ್ತದೆ. ಅಂಥ ನೆಲದ ಮೇಲೆ ಬರೀ ಎರಡು ಅಂಗುಲ ಜಲ್ಲಿ ಪುಡಿ ಹರಡಿ ಬ್ಲಾಕು ಜೋಡಿಸಿದರೆ ಎರಡನೆಯ ಮಳೆಗಾಲಕ್ಕೆ ಅಂಗಳ ಅಲೆ ಅಲೆಯಾಗುತ್ತದೆ. ಎರೆಯನ್ನು ತೆಗೆದು, ಗರಸು ಮತ್ತು ಜಲ್ಲಿಯನ್ನು ಪದರ ಪದರವಾಗಿ ದಮ್ಮಸ್ಸು ಮಾಡಿ, ಅದರ ಮೇಲೆ ತೆಳುವಾಗಿ ಮರಳು ಹಾಸಿ ಬ್ಲಾಕು ಕೂರಿಸಬೇಕು. ಇಳಿಜಾರೂ ಬೇಕು: ಹತ್ತಡಿಗೆ ಎರಡು, ಎರಡೂವರೆ ಅಂಗುಲ. ಚಿತ್ರದುರ್ಗದ ಕೋಟೆಯ ಹೊಂಡಗಳಲ್ಲಿ ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಇಳಿಯುವಂತೆ ದಾರಿ ಮಾಡಿಟ್ಟಿದ್ದಾರೆ. ನಮ್ಮ ಅಂಗಳದಲ್ಲಿ ಗೇಟಿನತ್ತ ಎರಡು ಅಂಗುಲ ಇಳಿಜಾರು ಕೊಡಲು ಮೇಸ್ತ್ರಿಗಳು ಮರೆಯುತ್ತಾರೆ. ಇದ್ಯಾವುದನ್ನೂ ಡಬ್ಬದಲ್ಲಿರುವ ದ್ರವ ಸರಿಪಡಿಸಲಾರದು.

ಹಾಗಾದರೆ ಸೀಲರ್ ಬೇಕೇ? ಅಂಗಳ ಗಟ್ಟಿಯಾಗಿ ನಿಲ್ಲಲು ಬೇಕಿಲ್ಲ. ಸಂದಿ ತುಂಬಿದ್ದರೆ, ಅಂಚು ಬಿಗಿಯಾಗಿದ್ದರೆ ಸೀಲರ್ ಕಾಣದ ಅಂಗಳವೂ ದಶಕಗಟ್ಟಲೆ ಬಾಳುತ್ತದೆ. ಬಣ್ಣ ಮಾಸಬಾರದು, ಎಣ್ಣೆಯ ಕಲೆ ಇಳಿಯಬಾರದು, ತೊಳೆಯಲು ಸುಲಭವಾಗಬೇಕು ಎನ್ನುವವರಿಗೆ ಅದು ಉಪಯೋಗದ ವಸ್ತು. ಮಳೆನೀರು ನೆಲಕ್ಕಿಳಿಯಲೆಂದೇ ಮಾಡಿದ ರಂಧ್ರದ ಬ್ಲಾಕುಗಳಿಗೆ ಮಾತ್ರ ಎಂದೂ ಬಳಿಯಬಾರದು. ಬಳಿದರೆ ಅವುಗಳನ್ನು ಹಾಕಿಸಿದ ಉದ್ದೇಶವೇ ಹಾಳು.

ಎಲ್ಲ ಬ್ಲಾಕೂ ಒಂದೇ ಅಲ್ಲ

ಪೇವರ್ ಬ್ಲಾಕಿಗೆ ಭಾರತೀಯ ಮಾನಕವೊಂದಿದೆ, ಐಎಸ್ 15658. 2006ರಲ್ಲಿ ಬಂದ ಆ ಮಾನಕದಲ್ಲಿ ಜನ ಮಾತ್ರ ನಡೆಯುವ ಜಾಗಕ್ಕೆ 50 ಮಿ.ಮೀ. ದಪ್ಪ ಮತ್ತು ಎಂ-30 ದರ್ಜೆ, ಕಾರು ಬೈಕುಗಳ ಹಗುರ ಓಡಾಟಕ್ಕೆ 60 ಮಿ.ಮೀ. ಮತ್ತು ಎಂ-35, ಅದಕ್ಕಿಂತ ಹೆಚ್ಚಿನ ಓಡಾಟಕ್ಕೆ 80 ಮಿ.ಮೀ. ಮತ್ತು ಎಂ-40 ಎಂದಿತ್ತು. ಎಂ ಮುಂದಿನ ಅಂಕಿ ಕಾಂಕ್ರೀಟು ಎಷ್ಟು ಒತ್ತಡ ತಡೆಯುತ್ತದೆ ಎಂಬುದರ ಅಳತೆ, ಹೆಚ್ಚಿದ್ದಷ್ಟೂ ಗಟ್ಟಿ. ಸೀಲರಿನ ದೃಷ್ಟಿಯಿಂದ ಮುಖ್ಯವಾದದ್ದು ಇನ್ನೊಂದು ನಿಯಮ. ಬ್ಲಾಕು ಹೀರುವ ನೀರು ಸರಾಸರಿ ಅದರ ತೂಕದ ಶೇ 6ನ್ನು ಮೀರಬಾರದು. ಇದನ್ನು ಮನೆಯಲ್ಲಿಯೇ ಅಂದಾಜು ಮಾಡಬಹುದು. ಚೆನ್ನಾಗಿ ಒಣಗಿದ ಬ್ಲಾಕನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗಿ. ಮೂರು ಕೆ.ಜಿ. ಬ್ಲಾಕು 180 ಗ್ರಾಂಗಿಂತ ಹೆಚ್ಚು ನೀರು ಕುಡಿದಿದ್ದರೆ ಮಾಲು ಕಳಪೆ. ಅಂಥದ್ದು ಸೀಲರನ್ನೂ ಹಾಗೆಯೇ ಕುಡಿಯುತ್ತದೆ, ಖರ್ಚು ಏರುತ್ತದೆ.

ಯಂತ್ರದಲ್ಲಿ ಒತ್ತಿದ ಬ್ಲಾಕಿನ ಮೈ ಮರಳು ಮರಳಾಗಿರುತ್ತದೆ. ರಬ್ಬರ್ ಅಚ್ಚಿನಲ್ಲಿ ಎರೆದದ್ದು ನುಣುಪಾಗಿ ಹೊಳೆಯುತ್ತದೆ. ನುಣುಪಾದದ್ದಕ್ಕೆ ಲೇಪ ಕಚ್ಚಿಕೊಳ್ಳುವುದು ಕಷ್ಟ. ನಮ್ಮ ಬೀದಿಯಲ್ಲಿ ಪದರ ಎದ್ದ ಅಂಗಳ ಈ ಬಗೆಯದು. ನಾನು ಉಗುರಿನಿಂದ ಕೆರೆದು ನೋಡಿದೆ. ಹಾವಿನ ಪೊರೆಯಂತೆ ಅಂಗೈಯಗಲ ಎದ್ದು ಬಂತು, ಅದರ ಹಿಂಬದಿಯಲ್ಲಿ ಒಂದು ಕಣ ಸಿಮೆಂಟೂ ಅಂಟಿರಲಿಲ್ಲ. ಬಳಿಯುವ ಮುನ್ನ ಒಂದು ಚಮಚ ನೀರು ಸುರಿದು ನೋಡಿದ್ದರೆ ಸಾಕಿತ್ತು. ಕೆಲವು ನಿಮಿಷದಲ್ಲಿ ನೀರು ಇಂಗಿ ಬ್ಲಾಕು ಕಪ್ಪಾದರೆ ಸೀಲರ್ ಹಿಡಿಯುತ್ತದೆ. ಮುತ್ತಿನಂತೆ ನಿಂತೇ ಇದ್ದರೆ ಬಳಿಯಬೇಕಾಗಿಲ್ಲ.

ಬಿಳಿ ಪುಡಿ ಎಲ್ಲಿಂದ ಬರುತ್ತದೆ?

ಹೊಸ ಬ್ಲಾಕು ಹಾಕಿಸಿದ ಎರಡು ಮೂರು ತಿಂಗಳಿಗೆ ಮೇಲೆಲ್ಲ ಸುಣ್ಣ ಚೆಲ್ಲಿದಂತೆ ಬಿಳಿ ಕಾಣಿಸಿಕೊಳ್ಳುತ್ತದೆ. ಮಾಲು ಕೆಟ್ಟದ್ದೆಂದು ಜಗಳಕ್ಕೆ ಹೋಗುವವರಿದ್ದಾರೆ. ಅದು ನಿಜಕ್ಕೂ ಒಂದು ಬಗೆಯ ಸುಣ್ಣವೇ. ಸಿಮೆಂಟು ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತದೆ. ಗೋಡೆಗೆ ಬಳಿಯುವ ಅರಳಿದ ಸುಣ್ಣವೂ ಇದೇ ವಸ್ತು. ತೇವದೊಂದಿಗೆ ಅದು ಮೇಲಕ್ಕೆ ಬರುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನಲ್ಲಿ ಕರಗದ ಬಿಳಿ ಪುಡಿಯಾಗುತ್ತದೆ. ಬ್ಲಾಕಿನ ಬಲಕ್ಕೆ ಇದರಿಂದ ಏನೂ ಆಗುವುದಿಲ್ಲ. ಮಳೆಗೆ, ಓಡಾಟಕ್ಕೆ, ಕಡ್ಡಿ ಬ್ರಷ್ಷಿನ ಉಜ್ಜಾಟಕ್ಕೆ ತಾನಾಗಿ ಹೋಗುತ್ತದೆ.

ಅದು ಹೋಗುವ ಮೊದಲೇ ಪೊರೆ ಕಟ್ಟುವ ಸೀಲರ್ ಬಳಿದರೆ ಬಿಳಿ ಪುಡಿ ಗಾಜಿನ ಕೆಳಗಿನ ಫೋಟೊದಂತೆ ಕಾಯಂ ಆಗಿ ಕಾಣುತ್ತದೆ. ಆದ್ದರಿಂದ ಹೊಸ ಅಂಗಳಕ್ಕೆ ಒಂದು ಮಳೆಗಾಲವನ್ನಾದರೂ ತೋರಿಸಿ, ಆಮೇಲೆ ಸೀಲರಿನ ಮಾತು ಎತ್ತುವುದು ಒಳ್ಳೆಯದು. ಕೊಳವೆಬಾವಿಯ ಗಡಸು ನೀರಿನಲ್ಲಿ ದಿನಾ ಅಂಗಳ ತೊಳೆಯುವ ಮನೆಗಳಲ್ಲಿ ಇನ್ನೊಂದು ಬಿಳಿ ಕಾಣುತ್ತದೆ. ಸ್ನಾನದ ಬಕೆಟ್ಟಿನ ಅಂಚಿಗೆ ಕಟ್ಟುವ ಉಪ್ಪಿನ ಗೆರೆಯಂಥದ್ದು. ಅದಕ್ಕೆ ಮದ್ದು ತೊಳೆಯುವುದನ್ನು ಕಡಿಮೆ ಮಾಡಿ ಗುಡಿಸುವುದನ್ನು ಹೆಚ್ಚು ಮಾಡುವುದು.

ಎರಡಕ್ಕೂ ಆಸಿಡ್ ಹಾಕುವ ಚಾಳಿ ನಮ್ಮಲ್ಲಿದೆ. ಶೌಚಾಲಯ ತೊಳೆಯುವ ಆಸಿಡ್ ಸುರಿದರೆ ಬುಸ್ಸೆಂದು ನೊರೆ ಬರುತ್ತದೆ, ಕಲೆಯೂ ಹೋಗುತ್ತದೆ. ಆದರೆ ಆ ನೊರೆಯಲ್ಲಿ ಬಿಳಿ ಪುಡಿಯ ಜೊತೆಗೆ ಬ್ಲಾಕಿನ ಸಿಮೆಂಟೂ ಕರಗುತ್ತಿರುತ್ತದೆ. ಎರಡು ಮೂರು ಸಲ ಹಾಕಿದರೆ ಬಣ್ಣದ ಪದರ ಹೋಗಿ ಒಳಗಿನ ಜಲ್ಲಿ ಹಲ್ಲು ಕಿರಿಯುತ್ತದೆ.

ಯಾವ ತಿಂಗಳು ಬಳಿಯುವುದು?

ಕಾದ ಕಾವಲಿಯ ಮೇಲೆ ದೋಸೆ ಹಿಟ್ಟು ಹುಯ್ದರೆ ತೂತು ತೂತಾಗುತ್ತದೆ. ಕೆಳಗಿನ ಶಾಖಕ್ಕೆ ಹಿಟ್ಟಿನೊಳಗಿನ ನೀರು ಆವಿಯಾಗಿ ಮೇಲೆ ಚಿಮ್ಮುತ್ತದೆ. ದೋಸೆಗೆ ಅದು ಶೋಭೆ, ಸೀಲರಿಗೆ ಅದೇ ದೋಷ. ಏಪ್ರಿಲ್ ಮಧ್ಯಾಹ್ನದ ಅಂಗಳ ಕಾವಲಿಯೇ. ಮೇಲ್ಪದರ ಬೇಗ ಆರಿ ಪೊರೆಯಾಗುತ್ತದೆ, ಕೆಳಗಿನ ದ್ರಾವಕ ಗುಳ್ಳೆಯಾಗಿ ಸಿಕ್ಕಿಬೀಳುತ್ತದೆ. ಬರಿಗಾಲಿಟ್ಟು ಆರಾಮವಾಗಿ ನಿಲ್ಲಲಾಗದ ಬ್ಲಾಕಿಗೆ ಸೀಲರ್ ಬಳಿಯಬಾರದು.

ಆಷಾಢದ ಗಾಳಿಯೂ ಆಗದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆ ಗಾಳಿ ಹೊತ್ತು ತರುವ ಧೂಳು ಹಸಿ ಲೇಪದ ಮೇಲೆ ಕೂತರೆ ಅಂಗಳ ಉಪ್ಪುಕಾಗದವಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆಯ ಭಯ. ಉಳಿಯುವುದು ದೀಪಾವಳಿ ಕಳೆದು ಶಿವರಾತ್ರಿಯವರೆಗಿನ ಕಾಲ. ಚಳಿಗಾಲದ ಮುಂಜಾನೆ ಇಬ್ಬನಿ ಬಿದ್ದಿರುತ್ತದೆ, ಹಾಗಾಗಿ ಬಿಸಿಲೇರಿ ಒಣಗಿದ ಮೇಲೆ, ಸುಮಾರು ಹತ್ತು ಗಂಟೆಗೆ ಶುರು ಮಾಡಿ ಮಧ್ಯಾಹ್ನ ಮೂರರೊಳಗೆ ಮುಗಿಸಬೇಕು. ಸಂಜೆಯ ತಂಪು ತಾಗುವ ಮೊದಲು ಲೇಪ ಆರಿರಬೇಕು.

ಒಣಗುವುದು ಎಂದರೆ ಎಷ್ಟು ಒಣಗುವುದು?

ಬೆಳ್ಳಗಾದ ಅಂಗಳದ ಕಥೆ ಇಲ್ಲಿದೆ. ಆ ಮನೆಯ ಯಜಮಾನರು ಸ್ವಚ್ಛತೆಗೆ ಹೆಸರಾದವರು. ಹುಡುಗರು ಬರುತ್ತಾರೆಂದು ಹಿಂದಿನ ಸಂಜೆಯೇ ಪೈಪು ಹಿಡಿದು ಅಂಗಳವನ್ನು ಚೆನ್ನಾಗಿ ತೊಳೆದಿಟ್ಟಿದ್ದರು. ಬೆಳಿಗ್ಗೆ ಮೇಲ್ಮೈ ಒಣಗಿ ಕಂಡಿತು, ಹುಡುಗರು ಬಳಿದರು. ಬ್ಲಾಕಿನ ಒಳಗೆ, ಸಂದಿಯ ಮರಳಿನೊಳಗೆ ಇದ್ದ ನೀರು ಬಿಸಿಲಿಗೆ ಆವಿಯಾಗಿ ಮೇಲೆ ಬಂತು, ಪೊರೆಯ ಕೆಳಗೆ ಸಿಕ್ಕಿಕೊಂಡಿತು. ಚಳಿಗಾಲದಲ್ಲಿ ಬಸ್ಸಿನ ಕಿಟಕಿಯ ಗಾಜಿನ ಒಳಬದಿ ಮಂಜಾಗುತ್ತದಲ್ಲ, ಅಂಥದ್ದೇ ಮಂಜು, ಒರೆಸಲು ಮಾತ್ರ ಬಾರದು. ಈಗ ಅದನ್ನು ತೆಗೆಯಬೇಕೆಂದರೆ ದ್ರಾವಕ ಹಾಕಿ ಪೊರೆಯನ್ನೇ ಕರಗಿಸಬೇಕು. ಬಳಿದದ್ದಕ್ಕಿಂತ ಅದೇ ದುಬಾರಿ.

ತೊಳೆದ ಮೇಲೆ ಒಳ್ಳೆಯ ಬಿಸಿಲಿನಲ್ಲಿ ಕನಿಷ್ಠ ಎರಡು ಹಗಲು ಬಿಡಬೇಕು. ಸಂಶಯವಿದ್ದರೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸಂಜೆ ಬ್ಲಾಕಿನ ಮೇಲೆ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ. ಬೆಳಿಗ್ಗೆ ತೆಗೆದಾಗ ಹಾಳೆಯ ಕೆಳಗೆ ನೀರಿನ ಹನಿ ಕಂಡರೆ, ಬ್ಲಾಕು ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಎರೆಮಣ್ಣಿನ ಮೇಲಿನ ಅಂಗಳದಲ್ಲಿ ಈ ಪರೀಕ್ಷೆ ಪದೇ ಪದೇ ಸೋಲುತ್ತಿದ್ದರೆ ಪೊರೆ ಕಟ್ಟುವ ಬಗೆಯನ್ನು ಕೈಬಿಟ್ಟು ಒಳಗಿಳಿಯುವುದನ್ನು ಆರಿಸುವುದು ಜಾಣತನ.

ಮರಳು ತುಂಬುವ ಕೆಲಸ

ಸೀಲರ್ ಬಳಿಯಲಿ, ಬಿಡಲಿ, ಈ ಕೆಲಸ ಎಲ್ಲ ಅಂಗಳಕ್ಕೂ ಬೇಕು. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ ನೋಡಿ. ಒಂದು ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ಇಳಿಸಿ. ಅಂಗುಲದಷ್ಟು ಇಳಿದರೆ ಮರಳು ಖಾಲಿಯಾಗಿದೆ ಎಂದು ಅರ್ಥ. ಮಳೆ ಕೊಚ್ಚಿರಬಹುದು, ಕಾರು ತೊಳೆಯುವ ಪೈಪಿನ ರಭಸ ಎಬ್ಬಿಸಿರಬಹುದು. ಇರುವೆಗಳನ್ನೂ ಮರೆಯಬೇಡಿ. ಬೆಳಿಗ್ಗೆ ಸಂದಿಯ ಬಾಯಲ್ಲಿ ರವೆಯ ಗುಡ್ಡೆಯಂತೆ ಕಾಣುವುದು ನಿಮ್ಮ ಐದು ಬಕೆಟ್ಟಿನಿಂದಲೇ ಅವು ಹೊತ್ತು ಹಾಕಿದ ಮರಳು.

ಹುಲ್ಲನ್ನು ಬೇರು ಸಹಿತ ಕಿತ್ತು, ಸಂದಿಯ ಕಸವನ್ನು ಕಡ್ಡಿ ಪೊರಕೆಯಿಂದ ಎಬ್ಬಿಸಿ ತೆಗೆದ ಮೇಲೆ ನಯವಾದ ಒಣ ಮರಳು ಬೇಕು. ಗಾರೆಗೆ ತರುವ ಎಂ-ಸ್ಯಾಂಡನ್ನೇ ಜರಡಿ ಹಿಡಿದು ಬಿಸಿಲಿಗೆ ಹರಡಿದರೆ ಆಗುತ್ತದೆ. ಒದ್ದೆ ಮರಳು ಸಂದಿಯ ಬಾಯಲ್ಲೇ ಕಟ್ಟಿಕೊಳ್ಳುತ್ತದೆ, ಒಳಗಿಳಿಯುವುದಿಲ್ಲ. ಅಂಗಳದ ಮೇಲೆ ಹರಡಿ ಪೊರಕೆಯಿಂದ ಅಡ್ಡಡ್ಡ ಗುಡಿಸುತ್ತ ಹೋಗಿ. ತುಂಬಿತು ಎನಿಸಿದಾಗ ನಿಲ್ಲಿಸಬೇಡಿ. ಡಬ್ಬಕ್ಕೆ ಮಂಡಕ್ಕಿ ತುಂಬುವವರಿಗೆ ಗೊತ್ತು, ಅಂಚಿನವರೆಗೆ ತುಂಬಿದ್ದನ್ನು ಎರಡು ಸಲ ಕುಲುಕಿದರೆ ನಾಲ್ಕು ಬೆರಳು ಕೆಳಗಿಳಿಯುತ್ತದೆ. ಮರಳೂ ಹಾಗೆಯೇ. ಬ್ಲಾಕು ಹಾಕುವವರ ಬಳಿ ಕಂಪನದ ಯಂತ್ರವಿರುತ್ತದೆ, ಬಾಡಿಗೆಗೆ ತಂದು ಒಮ್ಮೆ ಓಡಿಸಿದರೆ ಉತ್ತಮ. ಇಲ್ಲದಿದ್ದರೆ ದಪ್ಪ ಹಲಗೆ ಇಟ್ಟು ಮರದ ಕೊಡತಿಯಿಂದ ಬಡಿಯುತ್ತ ಸಾಗಬಹುದು. ಮತ್ತೆ ಮರಳು, ಮತ್ತೆ ಕಂಪನ, ಇನ್ನು ಇಳಿಯುವುದಿಲ್ಲ ಎನ್ನುವವರೆಗೆ. ಕೊನೆಯಲ್ಲಿ ಮರಳು ಬ್ಲಾಕಿನ ಅಂಚಿಗಿಂತ ಮೂರು ನಾಲ್ಕು ಮಿ.ಮೀ. ಕೆಳಗಿರಲಿ.

ಕೆಲವು ಗೌಂಡಿಗಳು ‘ಇದೆಲ್ಲ ಯಾಕೆ ಸಾರ್, ಸಿಮೆಂಟ್ ಹಾಲು ಸುರಿದು ಬಿಡೋಣ’ ಎನ್ನುತ್ತಾರೆ. ಒಪ್ಪಬೇಡಿ. ಬ್ಲಾಕಿನ ಅಂಗಳ ಕೂದಲೆಳೆಯಷ್ಟು ಅಲುಗಾಡುತ್ತಲೇ ಇರುತ್ತದೆ, ಮರಳು ಅದಕ್ಕೆ ಹೊಂದಿಕೊಳ್ಳುತ್ತದೆ. ಸಿಮೆಂಟು ಹೊಂದಿಕೊಳ್ಳದೆ ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ನೀರು ಕೆಳಗೇ ನಿಲ್ಲುತ್ತದೆ. ಮುಂದೆ ಒಂದು ಬ್ಲಾಕನ್ನು ತೆಗೆಯಬೇಕಾದರೂ ಒಡೆಯಬೇಕಾಗುತ್ತದೆ. ನೀರು ತಾಗಿದಾಗ ಅಂಟಾಗಿ ಗಟ್ಟಿಯಾಗುವ ಪಾಲಿಮರ್ ಮರಳು ಎಂಬುದೂ ಬಂದಿದೆ. ಅದು ಒಳ್ಳೆಯದೇ, ಆದರೆ ನೀರು ಚಿಮುಕಿಸುವ ಮುನ್ನ ಬ್ಲಾಕಿನ ಮೈಮೇಲೆ ಉಳಿದ ಪುಡಿಯನ್ನು ಪೂರ್ತಿ ಗುಡಿಸದಿದ್ದರೆ ಅಲ್ಲಿಯೂ ಬಿಳಿ ಮಬ್ಬು ನಿಲ್ಲುತ್ತದೆ.

ಬಳಿಯುವ ದಿನ

ಮೊದಲು ಮೂಲೆಯಲ್ಲಿ ನಾಲ್ಕು ಬ್ಲಾಕಿಗೆ ಬಳಿದು ಒಂದು ದಿನ ನೋಡಿ. ಸರಿ ಕಂಡರೆ ರೋಲರಿನಲ್ಲಿ ಅಥವಾ ತೋಟದ ಸ್ಪ್ರೇಯರಿನಲ್ಲಿ ಮನೆಯ ಬಾಗಿಲಿನಿಂದ ಗೇಟಿನ ಕಡೆಗೆ ಹಿಂದೆ ಹಿಂದೆ ಸರಿಯುತ್ತ ಬಳಿಯಿರಿ. ಕೈ ಧಾರಾಳವಾಗಬಾರದು. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಬಳಿಯುವುದು ಯಾವಾಗಲೂ ಮೇಲು. ಎಷ್ಟು ಲೀಟರಿಗೆ ಎಷ್ಟು ಚದರಡಿ ಎಂಬುದು ಡಬ್ಬದ ಮೇಲಿರುತ್ತದೆ. ಥಿನ್ನರ್ ವಾಸನೆಯ ಬಗೆಯಾದರೆ ಬೀಡಿ, ಊದುಬತ್ತಿ, ಗ್ಯಾಸ್ ಒಲೆ ಎಲ್ಲವೂ ದೂರವಿರಲಿ. ಮುಚ್ಚಿದ ಪಾರ್ಕಿಂಗಿನಲ್ಲಿ ಗಾಳಿಯಾಡುವಂತೆ ಮಾಡಿ ಮಾಸ್ಕ್ ಹಾಕಿಕೊಳ್ಳಬೇಕು. ಉಳಿದದ್ದನ್ನು ಚರಂಡಿಗೆ ಸುರಿಯಬಾರದು. ನಡೆದಾಡಲು ಒಂದು ದಿನ, ಕಾರಿಗೆ ಎರಡು ಮೂರು ದಿನ ಬಿಡಬೇಕು.

ಗೇಟಿನ ಮುಂದಿನ ಇಳಿಜಾರಿನಲ್ಲಿ ಎಚ್ಚರ. ಹೊಳಪಿನ ಪೊರೆಯ ಮೇಲೆ ಮಳೆ ಬಿದ್ದಾಗ ಚಪ್ಪಲಿ ಹಿಡಿಯುವುದಿಲ್ಲ. ವಯಸ್ಸಾದವರು, ಸ್ಕೂಟರಿನವರು ಜಾರುವುದು ಅಲ್ಲೇ. ಅಲ್ಲಿಗೆ ಜಾರು ತಡೆಯುವ ನುಣ್ಣನೆಯ ಹರಳು ಬೆರೆಸಿ ಬಳಿಯಬೇಕು, ಇಲ್ಲವೇ ಹಾಗೆಯೇ ಬಿಡಬೇಕು. ಸುಗ್ಗಿಯಲ್ಲಿ ಅಂಗಳದಲ್ಲೇ ಮೆಕ್ಕೆಜೋಳ, ಶೇಂಗಾ ಒಣಗಿಸುವ ಮನೆಗಳಿದ್ದರೆ ಕಾಳು ಹರಡುವ ಜಾಗಕ್ಕೆ ಸೀಲರ್ ಬೇಡ ಎಂಬುದು ನನ್ನ ಸಲಹೆ.

ಕಲೆಗಳು, ಮುಖ್ಯವಾಗಿ ಆಯುಧಪೂಜೆಯವು

ಎಂಜಿನ್ ಎಣ್ಣೆ ತೊಟ್ಟಿಕ್ಕಿದ ಕೂಡಲೇ ಉಜ್ಜಬಾರದು, ಉಜ್ಜಿದರೆ ಹರಡುತ್ತದೆ. ಬೂದಿ, ಮರದ ಹೊಟ್ಟು ಅಥವಾ ಒಣ ಸಿಮೆಂಟ್ ಪುಡಿ ಸುರಿದು ರಾತ್ರಿ ಬಿಟ್ಟರೆ ಎಣ್ಣೆಯನ್ನು ಅದು ಹೀರುತ್ತದೆ. ಬೆಳಿಗ್ಗೆ ಗುಡಿಸಿ ಸೋಪಿನ ಪುಡಿ ಹಾಕಿ ತಿಕ್ಕಿ. ನೆರಳಿನ ಮೂಲೆಯ ಪಾಚಿಗೆ ಗಡಸು ಬ್ರಷ್ಷು ಮತ್ತು ಬಿಸಿಲು ಎರಡೇ ಮದ್ದು. ಅಡ್ಡವಿರುವ ಕುಂಡಗಳನ್ನು ಸರಿಸಿದರೆ ಅರ್ಧ ಕೆಲಸ ಆದಂತೆ. ಜೋರು ನೀರಿನ ಯಂತ್ರ ಬಳಸುವುದಾದರೆ ಒಂದಡಿ ದೂರದಿಂದ, ಓರೆಯಾಗಿ ಹಿಡಿಯಬೇಕು. ನೇರ ಸಂದಿಗೆ ಹಿಡಿದರೆ ಮರಳು ಎದುರು ಮನೆಗೆ ಹೋಗುತ್ತದೆ.

ನಮ್ಮ ಅಂಗಳಗಳ ನಿಜವಾದ ಶತ್ರು ಇರುವುದು ಆಯುಧಪೂಜೆಯ ದಿನ. ಕಾರಿನ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆಯುತ್ತೇವೆ, ಚಕ್ರದಡಿಯಲ್ಲಿ ನಿಂಬೆಹಣ್ಣು ಇಡುತ್ತೇವೆ. ನಿಂಬೆಯ ಹುಳಿಯೂ ಆಸಿಡ್ಡೇ. ತೊಳೆಯದೆ ಬಿಟ್ಟರೆ ಅಷ್ಟಗಲ ಮಂಕಾದ ಗುರುತು ಉಳಿಯುತ್ತದೆ. ಅರಿಶಿನದ ಕಲೆಗೆ ಹೆದರಬೇಕಾಗಿಲ್ಲ, ಬಿಸಿಲೇ ಅದನ್ನು ಕೆಲವು ದಿನಗಳಲ್ಲಿ ಮಾಯಿಸುತ್ತದೆ. ಕೃತಕ ಬಣ್ಣದ ಕುಂಕುಮ ಹಾಗಲ್ಲ. ಒದ್ದೆ ಕುಂಬಳದ ತಿರುಳಿನ ಜೊತೆ ಸೇರಿ ರಂಧ್ರದೊಳಗೆ ಇಳಿದರೆ ಮುಂದಿನ ಆಯುಧಪೂಜೆಯವರೆಗೂ ಅಲ್ಲೇ. ಒಡೆಯುವ ಜಾಗವನ್ನು ಮೊದಲೇ ನೀರು ಹಾಕಿ ತೋಯಿಸಿಟ್ಟರೆ ರಂಧ್ರಗಳು ಆಗಲೇ ತುಂಬಿರುತ್ತವೆ, ಬಣ್ಣ ಮೇಲೆಯೇ ನಿಲ್ಲುತ್ತದೆ. ಕಾರು ಗೇಟು ದಾಟಿದ ಕೂಡಲೇ ಎರಡು ಬಿಂದಿಗೆ ನೀರು ಹಾಕಿ ಗುಡಿಸಿದರೆ ಹೋಗುತ್ತದೆ. ಸೀಲರ್ ಬಳಿದ ಅಂಗಳ ತನ್ನ ಖರ್ಚನ್ನು ತೀರಿಸುವುದು ಇಂಥ ದಿನವೇ.

ಕುಸಿದ ಜಾಗ, ಎತ್ತಿಟ್ಟ ಬ್ಲಾಕು

ನಲ್ಲಿ ಸಂಪರ್ಕಕ್ಕೆಂದು ಅಗೆದು ಮುಚ್ಚಿದ ಕಡೆ ಒಂದು ಮಳೆಗೆ ತಗ್ಗು ಬೀಳುವುದು ಸಾಮಾನ್ಯ. ಎರಡು ಸ್ಕ್ರೂಡ್ರೈವರುಗಳನ್ನು ಒಂದು ಬ್ಲಾಕಿನ ಎರಡು ಬದಿಗೆ ತೂರಿಸಿ ಅಲುಗಿಸುತ್ತ ಎತ್ತಿ. ಮೊದಲ ಬ್ಲಾಕು ಹಟ ಮಾಡುತ್ತದೆ, ಉಳಿದವು ಸುಲಭವಾಗಿ ಬರುತ್ತವೆ. ತಗ್ಗಿನ ಆಚೆ ಎರಡು ಸಾಲಿನವರೆಗೂ ತೆಗೆದು, ಕೆಳಗಿನ ಸಡಿಲ ಮಣ್ಣನ್ನು ನೀರು ಚಿಮುಕಿಸಿ ದಿಮ್ಮಿಯಿಂ­ದ ಬಡಿದು, ಜಲ್ಲಿ ಸೇರಿಸಿ ಮತ್ತೆ ಬಡಿದು, ಮೇಲೆ ಒಂದೂವರೆ ಅಂಗುಲ ಮರಳು ಹಾಸಿ ಸಮ ಮಾಡಿ. ತಗ್ಗನ್ನು ಬರೀ ಮರಳಿನಿಂದ ತುಂಬಿದರೆ ಮತ್ತೆ ಕುಸಿಯುತ್ತದೆ. ಬ್ಲಾಕುಗಳನ್ನು ಸುತ್ತಲಿನ ಮಟ್ಟಕ್ಕಿಂತ ಒಂದು ಕೂದಲು ಎತ್ತರಕ್ಕೆ ಕೂರಿಸಿ, ಹಲಗೆ ಇಟ್ಟು ಬಡಿದರೆ ಮಟ್ಟಕ್ಕೆ ಬರುತ್ತವೆ. ಆಮೇಲೆ ಸಂದಿಗೆ ಮರಳು.

ಒಡೆದದ್ದಕ್ಕೆ ಬದಲಿ ಬೇಕಲ್ಲ. ಹಾಕಿಸುವಾಗಲೇ ಇಪ್ಪತ್ತು ಮೂವತ್ತು ಬ್ಲಾಕು ಹೆಚ್ಚಿಗೆ ತರಿಸಿ ಎತ್ತಿಡಿ, ಐದು ವರ್ಷ ಬಿಟ್ಟು ಹೋದರೆ ಆ ಅಚ್ಚು, ಆ ಬಣ್ಣ ಸಿಗುವುದಿಲ್ಲ. ಅವನ್ನು ಮೆಟ್ಟಿಲ ಕೆಳಗೆ ಗೋಣಿಚೀಲ ಹೊದಿಸಿ ಜೋಪಾನ ಮಾಡಬೇಡಿ. ಹಿತ್ತಿಲಲ್ಲಿ ಬಿಸಿಲು, ಮಳೆ ಬೀಳುವ ಕಡೆ ಒಂದು ಸಾಲಾಗಿ ಹಾಸಿಡಿ. ಅಂಗಳದ ಬ್ಲಾಕುಗಳ ಜೊತೆಜೊತೆಗೇ ಅವೂ ಬಿಳುಚಿಕೊಳ್ಳುತ್ತವೆ, ಬೇಕಾದ ದಿನ ತಂದು ಕೂರಿಸಿದರೆ ತೇಪೆ ಹಾಕಿದ್ದು ಯಾರಿಗೂ ಗೊತ್ತಾಗುವುದಿಲ್ಲ.